ಕೆಂಪಗಿರಬೇಕಿದ್ದ ಮಿಕ್ಸ್‌ಚರ್

ನನ್ನ ಹ್ಯಾಂಡ್‌ರೈಟಿಂಗ್ ಬಗ್ಗೆ ನನಗೆ ಬಹಳ ಜಂಬವಿತ್ತು. ಕಾನ್ವೆಂಟಿನ ಸಿಸ್ಟರ್‌ಗಳು ಹತ್ತು ವರ್ಷ ನಾಲ್ಕು ಗೆರೆ ಪುಸ್ತಕದಲ್ಲಿ ತಿದ್ದಿಸಿ ತಿದ್ದಿಸಿ, ಒಂದು ಅಕ್ಷರ ಮುಂದಿನದರ ಕೈ ಹಿಡಿದುಕೊಂಡು ಹೋಗುವ ಹಾಗೆ ಮಾಡಿದ್ದರು. ಎಪ್ಪತ್ತರ ದಶಕದಲ್ಲಿ ನಾನು ಬಿ.ಫಾರ್ಮ್ ಸೇರಿದಾಗ ಕ್ಲಾಸಿನಲ್ಲಿ ಹುಡುಗಿಯರು ನಾಲ್ಕೇ ಜನ. ಔಷಧಿ ಮಾಡುವುದರಲ್ಲಿ ನಾನು ಆ ನಾಲ್ವರ ಪೈಕಿ ಎಷ್ಟನೆಯವಳೋ, ಔಷಧಿಯ ಮೇಲೆ ಲೇಬಲ್ ಬರೆಯುವುದರಲ್ಲಿ ಮಾತ್ರ ಇಡೀ ಕ್ಲಾಸಿಗೆ ಫಸ್ಟ್.

ರಾಜಾಜಿನಗರದ ನಮ್ಮ ಬೀದಿಯವರಿಗೆ ನಾನು ಏನು ಓದುತ್ತಿದ್ದೇನೆ ಎಂಬುದು ಕೊನೆಯವರೆಗೂ ಸ್ಪಷ್ಟವಾಗಲಿಲ್ಲ. ಅರ್ಧ ಜನ ನಾನು ಡಾಕ್ಟರ್ ಆಗುತ್ತೇನೆ ಎಂದುಕೊಂಡಿದ್ದರು. ಉಳಿದರ್ಧ ಜನ, ಇಷ್ಟು ಓದಿದ ಹುಡುಗಿ ಮೆಡಿಕಲ್ ಶಾಪಿನಲ್ಲಿ ಕೂರಬೇಕಲ್ಲ ಎಂದು ಮರುಗುತ್ತಿದ್ದರು. ಕೊನೆಗೆ ನಮ್ಮಜ್ಜಿಯೇ ಪಕ್ಕದ ಮನೆಯವರಿಗೆ ಬಿಡಿಸಿ ಹೇಳಿದ್ದು: "ಡಾಕ್ಟ್ರು ಚೀಟಿ ಬರೀತಾರೆ, ನಮ್ಮ ಹುಡುಗಿ ಕಲಸ್ತಾಳೆ." ಅಷ್ಟೂ ವರ್ಷದ ಸಿಲಬಸ್ಸನ್ನು ಇಷ್ಟು ಚೆನ್ನಾಗಿ ಹೇಳಿದ ಪ್ರೊಫೆಸರ್ ಒಬ್ಬರೂ ನನಗೆ ಸಿಗಲಿಲ್ಲ.

ಆ ಕಲಸುವ ಕೆಲಸ ನಡೆಯುತ್ತಿದ್ದುದು ಶನಿವಾರ ಬೆಳಗ್ಗೆ, ಡಿಸ್ಪೆನ್ಸಿಂಗ್ ಲ್ಯಾಬಿನಲ್ಲಿ. ಲೆಕ್ಚರರ್ ಬೋರ್ಡಿನ ಮೇಲೆ ಒಂದು ಪ್ರಿಸ್ಕ್ರಿಪ್ಷನ್ ಬರೆಯುವರು. ನಾವು ಅಳೆದು, ಅರೆದು, ಬೆರೆಸಿ, ನಾವೇ ಕೊಂಡು ತಂದ ಬಾಟಲಿಗೆ ತುಂಬಿ, ಲೇಬಲ್ ಅಂಟಿಸಿ ಮೇಜಿನ ಮೇಲಿಡಬೇಕು. ಮಾರ್ಕ್ಸ್ ಬಿದ್ದ ಮೇಲೆ ಔಷಧಿ ಸಿಂಕಿಗೆ. ಆದರೆ ಹೊಟ್ಟೆಗೆ ಸಂಬಂಧಿಸಿದ ಮಿಕ್ಸ್‌ಚರ್ ಮಾಡಿದ ದಿನ ಅದು ಸಿಂಕಿನವರೆಗೂ ಹೋಗುತ್ತಿರಲಿಲ್ಲ. ಲ್ಯಾಬಿನ ಅಟೆಂಡರ್ ತಮ್ಮ ಬಟ್ಟೆಚೀಲ ಹಿಡಿದು ಬರುತ್ತಿದ್ದರು. ಐವತ್ತು ದಾಟಿದವರು, ಸದಾ ಬಾಯಲ್ಲಿ ಎಲೆ ಅಡಿಕೆ, ದಿನಾ ಕೆಂಗೇರಿಯಿಂದ ರೈಲಿನಲ್ಲಿ ಓಡಾಟ. ತಮಗೆ ಗ್ಯಾಸ್ ಟ್ರಬಲ್ ಎಂದೂ, ರಾತ್ರಿ ಊಟವಾದ ಮೇಲೆ ನಮ್ಮ ಮಿಕ್ಸ್‌ಚರ್ ಎರಡು ಗುಟುಕು ಹಾಕಿದರೆ ಹೊಟ್ಟೆ ಹೂವಿನ ಹಾಗಾಗುತ್ತದೆ ಎಂದೂ ಹೇಳುತ್ತಿದ್ದರು. ಎಲ್ಲರ ಬಾಟಲಿಗಿಂತ ಮೊದಲು ಎತ್ತಿಕೊಳ್ಳುತ್ತಿದ್ದುದು ನನ್ನದನ್ನು. "ಅಮ್ಮಾವ್ರ ಕೈಗುಣಾನೇ ಬೇರೆ" ಎಂದು ಒಂದು ಮಾತೂ ಸೇರಿಸುವರು. ಆ ದಿನ ನಾನು ಮನೆಗೆ ಬಸ್ಸಿನಲ್ಲಿ ಬಂದೆನೋ ಗಾಳಿಯಲ್ಲಿ ಬಂದೆನೋ ನನಗೇ ತಿಳಿಯುತ್ತಿರಲಿಲ್ಲ.

ಆ ಶನಿವಾರ ಕಾರ್ಮಿನೇಟಿವ್ ಮಿಕ್ಸ್‌ಚರ್. ಹೊಟ್ಟೆಯುಬ್ಬರದ ಔಷಧಿ: ಸೋಡಾ ಪುಡಿ, ಏಲಕ್ಕಿಯ ಟಿಂಚರ್ ಎಂಬ ಸಾರ, ಇನ್ನೂ ಒಂದೆರಡು. ನಾನು ಮಾಮೂಲಿನಂತೆ ಮೊದಲು ಲೇಬಲ್ ಬರೆದೆ. ಅದು ಒಣಗುವಷ್ಟರಲ್ಲಿ ಮಿಕ್ಸ್‌ಚರ್ ಮಾಡಿ ಮುಗಿಸಿದೆ. ಲೆಕ್ಚರರ್ ಆ ದಿನ ಅವಸರದಲ್ಲಿದ್ದರು. ಬಾಟಲಿ ಎತ್ತಿ, ಲೇಬಲ್ ನೋಡಿ, "ಬ್ಯೂಟಿಫುಲ್" ಎಂದು ಹತ್ತಕ್ಕೆ ಒಂಬತ್ತು ಕೊಟ್ಟು ಮುಂದಿನ ಮೇಜಿಗೆ ಹೋದರು. ಅಟೆಂಡರ್ ಕೈಗುಣದ ಮಾತು ಹೇಳಿ ಬಾಟಲಿ ಚೀಲಕ್ಕಿಳಿಸಿದರು.

ಮನೆಗೆ ಬಂದು, ಊಟ ಮಾಡಿ, ಪ್ರಾಕ್ಟಿಕಲ್ ರೆಕಾರ್ಡ್ ಬರೆಯಲು ಕೂತೆ. ಪುಸ್ತಕ ನೋಡಿ ಒಂದೊಂದೇ ಸಾಲು ಬರೆಯುತ್ತಾ ಬಣ್ಣ ಎಂಬಲ್ಲಿಗೆ ಬಂದೆ. ಕೆಂಪು, ಎಂದಿತ್ತು. ಏಲಕ್ಕಿ ಟಿಂಚರಿಗೆ ಕೆಂಪು ಬಣ್ಣ ಹಾಕಿರುತ್ತಾರೆ, ಆದ್ದರಿಂದ ಮಿಕ್ಸ್‌ಚರೂ ಕೆಂಪಗಿರಬೇಕು. ನನ್ನದು ಕೆಂಪಗಿರಲಿಲ್ಲ. ತೆಳು ಕಷಾಯದ ಹಾಗೆ, ಹಸಿರುಗಂದು ಇತ್ತು.

ಕಪಾಟಿನಲ್ಲಿ ಟಿಂಚರ್‌ಗಳನ್ನು ಎ, ಬಿ, ಸಿ ಎಂದು ಜೋಡಿಸಿಟ್ಟಿರುತ್ತಿದ್ದರು. ಏಲಕ್ಕಿಯದು ಸಿ ಶುರುವಾಗುವಲ್ಲಿ, ಕಾರ್ಡಮಮ್. ಅದಕ್ಕೆ ಸ್ವಲ್ಪ ಮುಂಚೆ, ಬಿ ಸಾಲಿನಲ್ಲಿ, ಹಸಿರುಗಂದು ಬಣ್ಣದ್ದು ಒಂದಿತ್ತು: ಬೆಲ್ಲಡೋನಾ. ಹನಿ ಲೆಕ್ಕದಲ್ಲಿ ಕೊಟ್ಟರೆ ಔಷಧಿ, ಏಲಕ್ಕಿಯ ಹಾಗೆ ಸುರಿದರೆ ವಿಷ. ಕಪಾಟಿನಿಂದ ತೆಗೆಯುವಾಗ, ಸುರಿಯುವಾಗ, ವಾಪಸ್ ಇಡುವಾಗ, ಹೀಗೆ ಮೂರು ಸಲ ಬಾಟಲಿಯ ಹೆಸರು ಓದಬೇಕು ಎಂಬುದು ನಮ್ಮ ಮೊದಲ ಪಾಠ. ರೆಕಾರ್ಡಿನ ಮೊದಲ ಪುಟದಲ್ಲಿ ಅದನ್ನೂ ಬಹಳ ಚೆಂದವಾಗಿ ಬರೆದಿದ್ದೆ. ಓದಿದ್ದು ಒಂದು ಸಲವೂ ಇಲ್ಲ.

ಅಪ್ಪ, ಅಮ್ಮ ತುಮಕೂರಿಗೆ ಮದುವೆಗೆ ಹೋಗಿದ್ದರು. ಮನೆಯಲ್ಲಿ ಇದ್ದುದು ಅಜ್ಜಿ ಒಬ್ಬರೇ. ಅಡುಗೆಮನೆ ಬಾಗಿಲಲ್ಲಿ ನಿಂತು ಅಳುತ್ತಾ ಎಲ್ಲ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ವಿಷ ಕಲಸಿ, ಅದರ ಮೇಲೆ ಮುತ್ತು ಪೋಣಿಸಿದ ಹಾಗೆ ಹೆಸರು ಬರೆದು ಕೊಟ್ಟು ಬಂದಿದೀಯ. ಕಾನ್ವೆಂಟಿಗೆ ಕಳಿಸಿದ್ದು ಸಾರ್ಥಕ ಆಯ್ತು ಕಣೇ."

ಆಮೇಲೆ ಅವರು ಕೇಳಿದ್ದು ಒಂದೇ: ಆತ ರಾತ್ರಿ ಊಟಕ್ಕೆ ಕೂರುವುದು ಎಷ್ಟು ಗಂಟೆಗೆ? ಗೊತ್ತಿಲ್ಲ ಎಂದೆ. ಅಜ್ಜಿ ಹಣೆಗೆ ವಿಭೂತಿ ಹಚ್ಚಿಕೊಂಡು, ವಾಂತಿ ಮಾಡಿಸಲು ಬೇಕಾಗುತ್ತದೆ ಎಂದು ಒಂದು ಡಬ್ಬಿಯಲ್ಲಿ ಉಪ್ಪು ತುಂಬಿಕೊಂಡು ಚಪ್ಪಲಿ ಮೆಟ್ಟಿದರು. ನಾನೊಬ್ಬಳೇ ಓಡಿ ಹೋಗಿ ಬರುತ್ತೇನೆ ಎಂದರೆ, ವಯಸ್ಸಿನ ಹುಡುಗಿ ಒಂಟಿಯಾಗಿ ಕೆಂಗೇರಿಗೆ ಹೋಗುವುದು ವಿಷಕ್ಕಿಂತ ದೊಡ್ಡ ವಿಷಯ ಎಂಬಂತೆ ನೋಡಿದರು.

ಸಿಟಿ ಸ್ಟೇಷನ್ನಿನವರೆಗೆ ಬಸ್ಸು, ಅಲ್ಲಿಂದ ಪ್ಯಾಸೆಂಜರ್ ರೈಲು. ಆಗ ಕೆಂಗೇರಿ ಎಂದರೆ ಊರಾಚೆಯ ಊರು. ಜ್ಞಾನಭಾರತಿಯ ಕಡೆ ಬರೀ ಕೆಂಪು ಮಣ್ಣಿನ ಬಯಲು, ರೈಲು ಎಷ್ಟು ಓಡಿದರೂ ಅದು ಮುಗಿಯಲಿಲ್ಲ. ನಾನು ಮನಸ್ಸಿನಲ್ಲೇ ಬೆಲ್ಲಡೋನಾದ ಲಕ್ಷಣಗಳನ್ನು ಉರು ಹೊಡೆಯುತ್ತಿದ್ದೆ. ಬಾಯಿ ಒಣಗುತ್ತದೆ, ಮುಖ ಕೆಂಪೇರುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಆಮೇಲೆ ಅಸಂಬದ್ಧ ಮಾತು. ಟೆಸ್ಟಿನಲ್ಲಿ ಕೇಳಿದಾಗ ಮೂರನೆಯದು ಮರೆತಿದ್ದೆ. ಈಗ ಒಂದೂ ಮರೆಯಲಿಲ್ಲ. ಪಕ್ಕದಲ್ಲಿ ಅಜ್ಜಿ, ಆತನಿಗೆ ಎಷ್ಟು ಮಕ್ಕಳು, ಮದುವೆಗೆ ಬಂದವರು ಇದ್ದಾರಾ ಎಂದು ಒಂದೊಂದೇ ವಿಚಾರಿಸುತ್ತಿದ್ದರು.

ಸ್ಟೇಷನ್ ಇಳಿದು, ಕಾಲೇಜಿನಲ್ಲಿ ಕೆಲಸ ಮಾಡುವವರ ಮನೆ ಎಲ್ಲಿ ಎಂದು ನೀರು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆವು. "ಬಾಟ್ಲಿಗೆ ಬಂದ್ರಾ?" ಎಂದರು ಅವರು. "ನಮ್ಮ ಬೀದೀಲಿ ಎಲ್ರೂ ಅವರತ್ರಾನೇ ತಗೊಳೋದು." ಹಾಗಾದರೆ ಒಬ್ಬರಲ್ಲ, ಇಡೀ ಬೀದಿ.

ಅಟೆಂಡರ್ ಮನೆಯ ಜಗುಲಿಯ ಮೇಲೆ ಕೂತಿದ್ದರು. ಮುಖ ಕೆಂಪಗಿತ್ತು. ನಾನು ನಮಸ್ಕಾರ ಕೂಡ ಹೇಳದೆ, ಬೆಳಕಿನ ಕಡೆ ತಿರುಗಿ ಕಣ್ಣು ದೊಡ್ಡದಾಗಿ ತೆರೆಯಿರಿ ಎಂದೆ. ಅವರು ಗಾಬರಿಯಿಂದ ತೆರೆದರು. ಗಾಬರಿಗೆ ಯಾರ ಕಣ್ಣಾದರೂ ಅಗಲವಾಗಿಯೇ ಕಾಣುತ್ತದೆ.

"ಬಾಯಿ ಒಣಗ್ತಾ ಇದೆಯೇನಪ್ಪಾ?" ಎಂದರು ಅಜ್ಜಿ, ಉಪ್ಪಿನ ಡಬ್ಬಿಯ ಮುಚ್ಚಳ ತೆಗೆಯುತ್ತಾ.

"ಎಲೆ ಅಡಿಕೆ ಹಾಕ್ಕೊಂಡಿದೀನಲ್ಲ ತಾಯಿ, ಒಣಗೋದು ಹೆಂಗೆ?"

ನಾನು ನೇರವಾಗಿಯೇ ಕೇಳಿದೆ, ನನ್ನ ಮಿಕ್ಸ್‌ಚರ್ ಕುಡಿದಿರಾ, ಬೇರೆ ಯಾರಿಗಾದರೂ ಕೊಟ್ಟಿರಾ ಎಂದು. ಅವರು ಒಳಬಾಗಿಲ ಕಡೆ ನೋಡಿದರು. ಅಷ್ಟರಲ್ಲಿ ಎಣ್ಣೆಗೈ ಒರೆಸಿಕೊಳ್ಳುತ್ತಾ ಅವರ ಹೆಂಡತಿ ಹೊರಗೆ ಬಂದರು. ಪ್ರಶ್ನೆ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

"ಇವರು ಕಾಲೇಜ್ ಔಷ್ದಿ ಕುಡಿಯೋದಾ? ಕಲಿಯೋ ಮಕ್ಳು ಮಾಡಿದ್ದು, ಕುಡಿದ್ರೆ ಹೋಗೇಬಿಡ್ತೀನಿ ಅಂತಾರೆ. ಅಲ್ಲೇ ಬೇಸಿನ್‌ಗೆ ಸುರಿದು, ಬರೀ ಬಾಟ್ಲಿ ತರ್ತಾರೆ."

ಉಸಿರು ಬಂತು. ಅದರ ಹಿಂದೆಯೇ ಅವಮಾನವೂ ಬಂತು. ಎರಡೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ನಾನು ಮತ್ತೆ ಅಳಲು ಶುರು ಮಾಡಿದೆ. ಅಟೆಂಡರ್ ನೆಲ ನೋಡುತ್ತಾ ಹೇಳಿದರು, "ಇವತ್ತಿಂದು ನೋಡಿದ ತಕ್ಷಣ ಗೊತ್ತಾಯ್ತು ಅಮ್ಮಾವ್ರೆ. ಕೆಂಪಗಿರಬೇಕಿತ್ತು. ನೀವು ಆ ಕಡೆ ಹೋಗ್ತಿದ್ದ ಹಾಗೇ ಮೊದ್ಲು ಅದನ್ನೇ ಸುರಿದೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಸಾರ್ ಒಂಬತ್ತು ಮಾರ್ಕ್ಸ್ ಕೊಟ್ಟುಬಿಟ್ಟಿದ್ರು. ಅಟೆಂಡರ್ ಆಗಿ ನಾನು ಮಧ್ಯೆ ಬಾಯಿ ಹಾಕ್ಲಾ?"

ಹೆಂಡತಿ ನಮ್ಮನ್ನು ಒಳಗೆ ಕರೆದರು. ಬಾಟಲಿಗಳ ಗುಟ್ಟು ಅಲ್ಲಿತ್ತು. ಆಕೆ ಮನೆಯಲ್ಲೇ ತಲೆಗೆ ಹಚ್ಚುವ ಎಣ್ಣೆ ಕಾಯಿಸಿ ಮಾರುತ್ತಿದ್ದರು. ಗೂಡಿನಲ್ಲಿ ಹತ್ತು ಹನ್ನೆರಡು ಬಾಟಲಿ, ಅರ್ಧಕ್ಕರ್ಧ ನನ್ನವು, ಲೇಬಲ್ ಹಾಗೇ ಇತ್ತು. ಊಟವಾದ ಮೇಲೆ ದಿನಕ್ಕೆ ಮೂರು ಸಲ, ಒಂದೊಂದು ದೊಡ್ಡ ಚಮಚ, ಎಂದು ತಲೆಗೆಣ್ಣೆಯ ಮೇಲೆ ನನ್ನ ಕೈಬರಹ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಬೇರೆ ಹುಡುಗರ ಲೇಬಲ್ ಕಿತ್ತು ಬಿಸಾಕುತ್ತೇನೆ, ಇವು ಚೆಂದ ಇವೆ ಅಂತ ಬಿಟ್ಟಿದ್ದೇನೆ, ಇಂಗ್ಲಿಷ್ ಇದ್ದರೆ ಬೇಗ ಖರ್ಚಾಗುತ್ತದೆ ಎಂದು ಆಕೆ ವಿವರಿಸಿದರು. ನನ್ನ ಕೈಗುಣ ಯಾವುದೆಂದು ಆಗ ತಿಳಿಯಿತು. ಅಜ್ಜಿ ಕೆಮ್ಮುವ ನೆಪ ಮಾಡಿಕೊಂಡು ಹೊರಗೆ ಹೋದರು.

ನಾನು ಲೇಬಲ್‌ಗಳನ್ನು ನೆನೆಸಿ ಕಿತ್ತೆ. ಆಕೆಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಇಂಗ್ಲಿಷ್ ಓದಲು ಬರುವವರು ಯಾರಾದರೂ ಒಬ್ಬರು ಓದಿ, ನಂಬಿ, ಕುಡಿದರೆ ಏನು ಗತಿ ಎಂದು ಕೇಳಿದೆ. ನನ್ನ ಬಾಯಿಂದ ಫಾರ್ಮಸಿಸ್ಟ್ ಆಡುವಂಥ ಮಾತು ಹೊರಟದ್ದು ಬಹುಶಃ ಅದೇ ಮೊದಲು. ಹೊರಗೆ ಹಚ್ಚುವ ಔಷಧಿಗೆ ಕೆಂಪು ಅಕ್ಷರದ ಲೇಬಲ್ ಇರಬೇಕೆಂಬುದು ನಮ್ಮ ನಿಯಮ. ಸೋಮವಾರ ಕೆಂಪು ಇಂಕಿನಲ್ಲಿ, ಕುಡಿಯಬಾರದು ಎಂದು ಕನ್ನಡ ಇಂಗ್ಲಿಷ್ ಎರಡರಲ್ಲೂ ಬರೆದು ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಕೆಂಪು ಎಂದ ಮೇಲೆ ಆಕೆಯ ಮುಖ ಗೆಲುವಾಯಿತು.

ಸೋಮವಾರ ಲೇಬಲ್ ಕಟ್ಟು ಅಟೆಂಡರ್ ಕೈಗಿಟ್ಟು, ಲೆಕ್ಚರರ್ ರೂಮಿಗೆ ಹೋಗಿ ನಡೆದದ್ದು ಹೇಳಿದೆ. ಎಣ್ಣೆಯ ವಿಷಯ ಬಿಟ್ಟು. ಅವರು ಮಾರ್ಕ್ಸ್ ಪುಸ್ತಕ ತೆಗೆದು, ನನ್ನ ಒಂಬತ್ತನ್ನು ಹೊಡೆದುಹಾಕಿ ಎರಡು ಎಂದು ಬರೆದರು. ಆ ಎರಡು ಲೇಬಲ್ಲಿಗೆ ಎಂದೂ ಹೇಳಿದರು. ತಾವು ನೋಡಿಯೂ ನೋಡದೆ ಒಂಬತ್ತು ಕೊಟ್ಟದ್ದನ್ನು ಅವರು ಹೇಳಲಿಲ್ಲ, ಆದರೆ ಅಂದಿನಿಂದ ಎಲ್ಲರ ಬಾಟಲಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡತೊಡಗಿದರು. ಕ್ಲಾಸಿನವರು ಇದ್ಯಾಕೆ ಹೊಸ ಕಾಟ ಎಂದು ಗೊಣಗುವಾಗ ನಾನೂ ಜೊತೆಗೆ ಗೊಣಗುತ್ತಿದ್ದೆ.

ಆಮೇಲೆ ಇನ್ನೊಂದು ಸಲ ಅದೇ ಮಿಕ್ಸ್‌ಚರ್ ಮಾಡುವ ಸರದಿ ಬಂತು. ಈ ಸಲ ಲೇಬಲ್ ಕೊನೆಗೆ ಬರೆದೆ, ಅದಕ್ಕೆ ಸಮಯ ಸಾಲದೆ ಅಕ್ಷರ ಓರೆಯಾಯಿತು. ಟಿಂಚರ್ ಬಾಟಲಿಯ ಹೆಸರನ್ನು ಮೂರು ಸಲ ತುಟಿ ಅಲ್ಲಾಡಿಸಿ ಓದಿದೆ. ಮಿಕ್ಸ್‌ಚರ್ ಕೆಂಪಗೆ ಬಂತು. ಎಲ್ಲರೂ ಹೋದ ಮೇಲೆ ಅಟೆಂಡರ್ ಬಂದು ನನ್ನ ಬಾಟಲಿ ಎತ್ತಿ, ಬೆಳಕಿಗೆ ಹಿಡಿದು, ಅಲ್ಲಾಡಿಸಿದರು. ಚೀಲಕ್ಕೆ ಹಾಕುತ್ತಾರೆ ಎಂದುಕೊಂಡೆ. ಅವರು ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, ಒಂದು ಚಮಚ ತುಂಬಾ ಬಗ್ಗಿಸಿಕೊಂಡು ನನ್ನೆದುರೇ ಕುಡಿದರು. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ.

ಅವರ ಮುಖ ಸೊಟ್ಟಗಾಯಿತು.

"ಸೋಡಾ ಜಾಸ್ತಿ ಆಗಿದೆ ಅಮ್ಮಾವ್ರೆ."

ನಾನು ತೂಕ ಬರೆದುಕೊಂಡಿದ್ದ ಚೀಟಿ ತೆಗೆದು ಬೋರ್ಡಿನ ಮೇಲಿನ ಅಳತೆಗೆ ಹೋಲಿಸಿ ನೋಡಿದೆ. ಜಾಸ್ತಿಯೇ ಆಗಿತ್ತು.