ಊಹೂಂ ಅಕ್ಕನ ಕಣ್ಣು

ಪಿಂಗಾಣಿ ಕಪ್ ಮಾಡುವ ಆ ಕಾರ್ಖಾನೆಯಲ್ಲಿ ಅವಳಿಗೆ ಹೆತ್ತವರು ಇಟ್ಟ ಹೆಸರು ಗೊತ್ತಿದ್ದದ್ದು ಹಾಜರಿ ಹಾಕುವ ಯಂತ್ರಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ಊಹೂಂ ಅಕ್ಕ. ಭಟ್ಟಿಯಲ್ಲಿ ಬೆಂದ ಕಪ್‌ಗಳು ತಣ್ಣಗಾಗಿ ಅವಳ ಮೇಜಿಗೆ ಬರುತ್ತಿದ್ದವು. ಒಂದೊಂದನ್ನೇ ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಒಳಗೆ, ಹೊರಗೆ, ತಳ, ಹಿಡಿ ಎಲ್ಲ ಕಡೆ ಕಣ್ಣಾಡಿಸಿ, ಸರಿಯಿದ್ದರೆ ಬಲಗಡೆಯ ಟ್ರೇಗೆ ಇಡುತ್ತಿದ್ದಳು. ಸರಿಯಿಲ್ಲವೆಂದರೆ ತುಟಿ ತೆರೆಯುವ ತೊಂದರೆಯನ್ನೂ ತೆಗೆದುಕೊಳ್ಳದೆ ಮೂಗಿನಿಂದಲೇ ‘ಊಹೂಂ’ ಎಂದು ಎಡಗಡೆಯ ನೀಲಿ ಕ್ರೇಟಿಗೆ ಹಾಕುತ್ತಿದ್ದಳು. ಆ ಶೆಡ್ಡಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ದಿನವಿಡೀ ಕೇಳುತ್ತಿದ್ದದ್ದು ಅದೊಂದೇ.

ಕಾರ್ಖಾನೆಯ ಹೊರಗೂ ಅವಳ ಸ್ವಭಾವ ಬೇರೆಯಾಗಿರಲಿಲ್ಲ. ಅವಳು ರಸ್ತೆಯ ತಿರುವಿನಲ್ಲಿ ಕಂಡರೆ ತರಕಾರಿ ಅಂಗಡಿಯವನು ಟೊಮೇಟೊ ಬುಟ್ಟಿಯನ್ನು ಒಳಗೆಳೆದುಕೊಳ್ಳುತ್ತಿದ್ದ. ಅವಳ ಗಂಡ ದರ್ಜಿ. ಊರಿಗೆಲ್ಲ ಬಟ್ಟೆ ಹೊಲಿದು ಸೈ ಅನಿಸಿಕೊಂಡವನು, ಹೆಂಡತಿಯ ಬಟ್ಟೆಗೆ ಕತ್ತರಿ ಇಡುವಾಗ ಮಾತ್ರ ಬೆವರುತ್ತಿದ್ದ. ಹೆಣ್ಣು ನೋಡಲು ಹೋದ ದಿನ ತಾನು ಹೇಗೆ ಪಾಸಾದೆ ಎನ್ನುವುದು ಅವನಿಗೆ ಇಂದಿಗೂ ಬಗೆಹರಿಯದ ಪ್ರಶ್ನೆ.

ಅಕ್ಕನಿಗೆ ಒಡವೆಯ ಆಸೆ ಇರಲಿಲ್ಲ, ಹೊಗಳಿಕೆಯ ಆಸೆಯೂ ಅಷ್ಟಕ್ಕಷ್ಟೇ. ಅವಳು ಎದೆಯಲ್ಲಿಟ್ಟುಕೊಂಡು ಬದುಕುತ್ತಿದ್ದ ಹೆಮ್ಮೆ ಒಂದೇ: ತಾನು ಆ ಮೇಜಿಗೆ ಕೂತ ಇಪ್ಪತ್ತು ವರ್ಷದಲ್ಲಿ ಐಬಿರುವ ಒಂದೇ ಒಂದು ಕಪ್ಪೂ ಕಾರ್ಖಾನೆಯ ಗೇಟು ದಾಟಿಲ್ಲ.

ಅವಳ ಬೆನ್ನ ಹಿಂದಿನ ಮೇಜು ನಾದಿನಿಯದು. ಗಂಡನ ಒಬ್ಬಳೇ ತಂಗಿ. ಅಕ್ಕನ ಮನೆಯಲ್ಲೇ ಇರುವವಳು. ಇಬ್ಬರಿಗೂ ಒಂದೇ ಬಸ್ಸು, ಒಂದೇ ಬುತ್ತಿ. ಅತ್ತಿಗೆ ಪಾಸು ಮಾಡಿದ ಕಪ್‌ಗಳನ್ನು ಕಾಗದ ಸುತ್ತಿ ಪೆಟ್ಟಿಗೆಗೆ ತುಂಬುವುದು, ನೀಲಿ ಕ್ರೇಟುಗಳನ್ನು ಗಾಡಿಯ ಮೇಲಿಟ್ಟು ಹಿಂದಿನ ಪುಡಿ ಮಾಡುವ ಕೋಣೆಗೆ ತಳ್ಳಿಕೊಂಡು ಹೋಗುವುದು ಅವಳ ಕೆಲಸ. ಮಾತು ಬಹಳ ಕಡಿಮೆ. ಮನೆಯಲ್ಲಿ ಮಾತಿನ ಕೋಟಾವನ್ನು ಅತ್ತಿಗೆಯೇ ಮುಗಿಸುತ್ತಿದ್ದರಿಂದ ಅವಳ ಮೌನ ಯಾರಿಗೂ ಕೊರತೆ ಎನಿಸಿರಲಿಲ್ಲ.

ಹೀಗಿರುವಾಗ ಕಾರ್ಖಾನೆಗೆ ಹೊಸ ಗಾಳಿ ಬೀಸಿತು. ಭಟ್ಟಿಗೆ ಸೆನ್ಸರ್ ಬಂತು, ಮಣ್ಣು ಕಲಸುವ ಯಂತ್ರಕ್ಕೂ ಬಂತು. ಮ್ಯಾನೇಜರ್ ಕೋಣೆಯ ಗೋಡೆ ತುಂಬ ಒಂದು ಪರದೆ. ಯಾವ ಯಂತ್ರ ದುಡಿಯುತ್ತಿದೆ, ಯಾವುದು ಮಲಗಿದೆ ಎಂದು ಅದು ಹಸಿರು, ಕೆಂಪು ಬಣ್ಣದಲ್ಲಿ ಚಾಡಿ ಹೇಳತೊಡಗಿತು. ತನಗೂ ಒಂದು ಸೆನ್ಸರ್ ಕಟ್ಟಿಬಿಟ್ಟಾರು ಎಂದು ಹೆದರಿ ಗೇಟಿನ ಕಾವಲುಗಾರ ಕೆಲವು ದಿನ ಕುರ್ಚಿಯಲ್ಲಿ ನಿದ್ದೆ ಮಾಡುವುದನ್ನೇ ಬಿಟ್ಟಿದ್ದ. ಕೊನೆಯದಾಗಿ ಬಂದದ್ದು ಕಪ್ ನೋಡುವ ಕ್ಯಾಮೆರಾ.

ಕೆಲಸ ಹೋಗುವುದಿಲ್ಲ ಎಂದು ಮ್ಯಾನೇಜರ್ ಮೊದಲೇ ಭರವಸೆ ಕೊಟ್ಟಿದ್ದರು. ಕ್ಯಾಮೆರಾಕ್ಕೆ ತಾನಾಗಿ ಏನೂ ಗೊತ್ತಿಲ್ಲ, ಯಾವುದು ಸರಿ, ಯಾವುದು ಸರಿಯಿಲ್ಲ ಎಂದು ಯಾರಾದರೂ ಕಲಿಸಬೇಕು, ಹೊಸ ಮಾದರಿಯ ಕಪ್ ಬಂದಾಗಲೆಲ್ಲ ಮತ್ತೆ ಕಲಿಸಬೇಕು. ಆ ಮೇಷ್ಟರ ಕೆಲಸ ಇನ್ನು ಅಕ್ಕನದು. ಕಲಿಸಿಕೊಳ್ಳಲು ಕ್ಯಾಮೆರಾ ಕಂಪನಿಯಿಂದ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಅಕ್ಕ ಕಪ್ ಹಿಡಿದು ಹೂಂ ಅಂದರೆ ಒಂದು ಗುಂಡಿ, ಊಹೂಂ ಅಂದರೆ ಇನ್ನೊಂದು. ಊಹೂಂ ಯಾಕೆ ಎಂದೂ ಹುಡುಗಿ ಕೇಳುತ್ತಿದ್ದಳು. ಇದರ ಹೊಳಪಿನ ಮೇಲೆ ಸೂಜಿಮೊನೆಯಷ್ಟು ಚುಕ್ಕೆ, ಅದರ ಹಿಡಿಯ ಒಳಗೊಂದು ಗುಳ್ಳೆ, ಇದರ ತಳದಲ್ಲಿ ಮಂಕು ಕಲೆ, ಅದಕ್ಕೆ ಕೂದಲೆಳೆಯ ಬಿರುಕು ಎಂದು ಅಕ್ಕ ಪಾಠ ಮಾಡಿದಳು. ವಾರಗಟ್ಟಲೆ ನಡೆದ ಆ ಪಾಠದಲ್ಲಿ ಅವಳಿಗೆ ಎಂದೂ ಕಾಣದ ಸುಖ ಸಿಕ್ಕಿತು. ಇನ್ನು ಹಗಲೂ ರಾತ್ರಿ ಓಡುವುದು ನಿಮ್ಮದೇ ಕಣ್ಣು, ಅದು ರೆಪ್ಪೆ ಕೂಡ ಬಡಿಯುವುದಿಲ್ಲ ಎಂದು ಹುಡುಗಿ ಹೇಳಿದ ದಿನ ಅಕ್ಕನ ಕಾಲು ನೆಲದ ಮೇಲಿರಲಿಲ್ಲ.

ನಾದಿನಿ ಮಾತ್ರ ಆ ದಿನಗಳಲ್ಲಿ ಇನ್ನಷ್ಟು ಸಣ್ಣಗಾದಳು. ಒಮ್ಮೆ ಹುಡುಗಿಯ ಹತ್ತಿರ ಹೋಗಿ, ಕ್ಯಾಮೆರಾ ಬೇಡವೆಂದ ಕಪ್ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಬೆಲ್ಟಿನ ಪಕ್ಕದ ತೂಬಿನಿಂದ ನೇರ ಪುಡಿ ಮಾಡುವ ಯಂತ್ರಕ್ಕೆ, ಯಾರೂ ಹೊರಬೇಕಾಗಿಲ್ಲ ಎಂದಳು ಹುಡುಗಿ. “ನಡುವೆ ಒಂದ್ಸಲ ಯಾರಾದ್ರೂ ನೋಡೋದು ಬೇಡ್ವಾ?” ಎಂದು ನಾದಿನಿ ಕೇಳಿದ್ದಕ್ಕೆ ಸುತ್ತಲಿದ್ದವರೆಲ್ಲ ನಕ್ಕರು. ಅಕ್ಕನ ಕಣ್ಣೇ ನೋಡಿದ ಮೇಲೆ ಇನ್ಯಾರು ನೋಡುವುದು?

ಕ್ಯಾಮೆರಾ ಓಡಿದ ಮೊದಲ ದಿನ ಮಧ್ಯಾಹ್ನಕ್ಕೆ ಮುಂಚೆಯೇ ಮ್ಯಾನೇಜರ್ ಕೋಣೆಯ ಪರದೆ ಕೆಂಪಗಾಗಿ ಕೂತಿತು. ಮೂರರಲ್ಲಿ ಒಂದು ಕಪ್ ತೂಬಿನೊಳಗೆ ಉರುಳುತ್ತಿತ್ತು. ಪುಡಿಯಾಗುವ ಸದ್ದು ಶೆಡ್ಡಿನ ತುಂಬ. ಮ್ಯಾನೇಜರ್ ಓಡಿ ಬಂದು ಬೆಲ್ಟು ನಿಲ್ಲಿಸಿದರು. ಕ್ಯಾಮೆರಾಕ್ಕೆ ತಲೆ ಕೆಟ್ಟಿದೆ ಎಂದರು. ಕ್ಯಾಮೆರಾ ತಳ್ಳಿದ ಕಪ್‌ಗಳಲ್ಲಿ ಇನ್ನೂ ತೂಬಿನಲ್ಲೇ ಉಳಿದಿದ್ದವನ್ನು ಹುಡುಗಿ ತಂದು ಅಕ್ಕನ ಮುಂದಿಟ್ಟಳು. ಅಕ್ಕ ನೋಡಿದಳು, ಊಹೂಂ, ಊಹೂಂ, ಊಹೂಂ. ಕ್ಯಾಮೆರಾ ಗುರುವನ್ನು ಮೀರದ ಶಿಷ್ಯನಾಗಿತ್ತು.

“ಯಂತ್ರ ಸರಿಯಾಗಿದೆ ಸರ್. ಅಕ್ಕ ಏನು ಹೇಳ್ತಾರೋ ಅದನ್ನೇ ಹೇಳ್ತಿದೆ,” ಎಂದಳು ಹುಡುಗಿ.

ಹಾಗಾದರೆ ಇಷ್ಟು ವರ್ಷ ಹಾಳಾದದ್ದು ಅಷ್ಟು ಕಡಿಮೆ ಹೇಗೆ ಎಂದು ಮ್ಯಾನೇಜರ್ ಕೇಳಿದರು. ಹಾಳಾದ ಕಪ್‌ಗಳ ಲೆಕ್ಕ ಬರುತ್ತಿದ್ದದ್ದು ಪುಡಿ ಮಾಡುವ ಕೋಣೆಯ ತಕ್ಕಡಿಯಿಂದ. ಅಕ್ಕನ ಮೇಜಿನಿಂದ ಆ ತಕ್ಕಡಿಯವರೆಗೆ ಕ್ರೇಟಿನ ಜೊತೆ ಓಡಾಡುತ್ತಿದ್ದವಳು ಒಬ್ಬಳೇ. ಎಲ್ಲರ ಮುಖವೂ ಒಟ್ಟಿಗೆ ಆ ಕಡೆ ತಿರುಗಿತು. ನಾದಿನಿ ಕೈಯಲ್ಲಿದ್ದ ಕಾಗದವನ್ನು ಮಡಚಿ ಮಡಚಿ ಸಣ್ಣದು ಮಾಡಿಕೊಂಡು ನಿಂತಿದ್ದಳು.

“ನಾನೇ ಸರ್ ಆರಿಸಿ ಪ್ಯಾಕ್ ಮಾಡ್ತಿದ್ದೆ,” ಎಂದಳು. “ಬಿರುಕಿದ್ದಿದ್ದು ಒಂದನ್ನೂ ಮುಟ್ಟಿಲ್ಲ.”

ಉಳಿದದ್ದನ್ನೂ ಒಂದೊಂದಾಗಿ ಹೇಳಿದಳು. ತಾನೂ ಅತ್ತಿಗೆಯೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಪ್ ಬಹಳ ಹಾಳಾಗುತ್ತಿದೆ, ಹೀಗೇ ಆದರೆ ಈ ಶೆಡ್ಡಿಗೆ ಬೀಗ ಎಂದು ಹಿಂದಿನ ಮ್ಯಾನೇಜರ್ ಅಂದಿದ್ದರಂತೆ. ಅತ್ತಿಗೆಗೆ ಹೇಳಿ ಉಪಯೋಗವಿಲ್ಲ. ಅಂದಿನಿಂದ ನೀಲಿ ಕ್ರೇಟನ್ನು ತಳ್ಳಿಕೊಂಡು ಹೋಗುವ ದಾರಿಯಲ್ಲಿ ಗೋಡೆಯ ಮರೆಗೆ ನಿಂತು, ಬಳಸಲು ಬರುವುದನ್ನೆಲ್ಲ ಹೆಕ್ಕಿ ಪೆಟ್ಟಿಗೆಗೆ ಸೇರಿಸುತ್ತ ಬಂದಿದ್ದಳು. ಕಪ್ ಕೊಂಡ ಯಾರಿಂದಲೂ ಈವರೆಗೆ ಒಂದು ದೂರು ಬಂದಿರಲಿಲ್ಲ. ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯದೆ ಮ್ಯಾನೇಜರ್ ಕ್ಯಾಮೆರಾ ಬಂದ್ ಮಾಡಲು ಹೇಳಿ ಕೋಣೆ ಸೇರಿಕೊಂಡರು.

ಅಕ್ಕನಿಗೆ ಆದದ್ದು ಅವಮಾನ. ಕೋಪ ಆಮೇಲೆ ಬಂತು. ಇಪ್ಪತ್ತು ವರ್ಷ ತಾನು ಅಂದ ಊಹೂಂ ಎಲ್ಲ ಗಾಳಿಗೆ ಹೋಯಿತು, ತಾನು ಬೇಡವೆಂದದ್ದು ಬೆನ್ನ ಹಿಂದೆಯೇ ಬೇಕಾಗಿ ಗೇಟು ದಾಟಿತು, ಅದೂ ತನ್ನ ತಟ್ಟೆಯಲ್ಲೇ ಉಣ್ಣುವವಳ ಕೈಯಿಂದ. ಆ ಸಂಜೆ ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಮನೆಯಲ್ಲಿ ಮಾತು ನಿಂತಿತು. ಉಪ್ಪಿನ ಡಬ್ಬಿ ಬೇಕಾದರೂ “ಅವಳಿಗೆ ಹೇಳಿ, ಈ ಕಡೆ ಕೊಡಕ್ಕೆ” ಎಂದು ಗಂಡನ ಮೂಲಕವೇ ಹೋಗಬೇಕು. ಹೆಂಡತಿಗೆ ಹೂಂ ಅಂದರೆ ತಂಗಿ ಕಣ್ಣೀರಿಡುತ್ತಾಳೆ, ತಂಗಿಗೆ ಹೂಂ ಅಂದರೆ ಹೆಂಡತಿ ಉರಿದು ಬೀಳುತ್ತಾಳೆ. ಬಡಪಾಯಿ ದರ್ಜಿ ಇಬ್ಬರ ಮಾತೂ ಕೇಳಿಸದಂತೆ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತ ಕೂತ.

ಇಬ್ಬರೂ ಒಟ್ಟಿಗೆ ಕೂತು ಕ್ಯಾಮೆರಾಕ್ಕೆ ಮತ್ತೆ ಕಲಿಸಿ ಎಂದು ಮ್ಯಾನೇಜರ್ ಕೇಳಿಕೊಂಡರು. ಅವಳನ್ನೇ ಕೂರಿಸಿಕೊಳ್ಳಿ, ಅವಳ ಕಣ್ಣಿಗೆ ಎಲ್ಲವೂ ಚೆನ್ನವೇ ಎಂದು ಅಕ್ಕ ಮುಖ ತಿರುಗಿಸಿದಳು. ನಾದಿನಿಯೋ, ಅತ್ತಿಗೆ ಇಲ್ಲದೆ ತಾನು ಆ ಕುರ್ಚಿ ಮುಟ್ಟುವುದಿಲ್ಲ ಎಂದಳು.

ಹೊರಗೆ ಎಷ್ಟೇ ಬಿಗಿಯಾಗಿದ್ದರೂ ಒಳಗೆ ಅಕ್ಕನಿಗೆ ಹುಳ ಕೊರೆಯುತ್ತಿತ್ತು. ನನ್ನ ಕಣ್ಣೇ ಕೆಟ್ಟಿದೆಯೋ ಏನೋ, ಇಲ್ಲದ್ದೆಲ್ಲ ಕಾಣುತ್ತಿದೆಯೋ ಏನೋ. ರಜೆಯ ದಿನ ಯಾರಿಗೂ ಹೇಳದೆ ಪೇಟೆಯ ಕನ್ನಡಕದಂಗಡಿಗೆ ಹೋಗಿ ಕೂತಳು. ಅಂಗಡಿಯ ಯಜಮಾನರು ವಯಸ್ಸಾದವರು, ನಿಧಾನಸ್ಥರು. ಗಾಜು ಬದಲಿಸಿ ಬದಲಿಸಿ ಓದಿಸಿದರು. ಅಕ್ಕ ಗೋಡೆಯ ಮೇಲಿನ ಕೊನೆಯ ಸಾಲನ್ನಷ್ಟೇ ಅಲ್ಲ, ಅದರ ಕೆಳಗೆ ಅಚ್ಚು ಹಾಕಿದ ಪ್ರೆಸ್ಸಿನ ಹೆಸರನ್ನೂ ಓದಿದಳು. ಈ ವಯಸ್ಸಿನಲ್ಲಿ ಇಂಥ ಕಣ್ಣು ನಾನು ನೋಡಿಲ್ಲ, ನಿಮ್ಮಂಥವರೇ ಬಂದರೆ ನಾನು ಅಂಗಡಿ ಮುಚ್ಚಬೇಕು ಎಂದು ನಕ್ಕು, ಒಳಗಿನಿಂದ ಅವಳಿಗೂ ತಮಗೂ ಚಹಾ ತರಿಸಿದರು.

ಚಹಾ ಬಂದದ್ದು ಅವಳ ಕಾರ್ಖಾನೆಯ ಕಪ್ಪಿನಲ್ಲಿ. ಯಜಮಾನರು ಕೈಯಲ್ಲಿ ಹಿಡಿದಿದ್ದ ಕಪ್ಪಿನ ಹಿಡಿಯ ಪಕ್ಕದಲ್ಲೇ ಸೂಜಿಮೊನೆಯಷ್ಟು ಚುಕ್ಕೆ. ಅಕ್ಕನ ಬಾಯಿ ತಡೆಯಲಿಲ್ಲ. ನೋಡಿ, ಅಲ್ಲೊಂದು ಐಬಿದೆ ಎಂದಳು. ಅವರಿಗೆ ಕಾಣಲಿಲ್ಲ. ಕನ್ನಡಕ ಏರಿಸಿದರೂ ಕಾಣಲಿಲ್ಲ. ಕೊನೆಗೆ ದುಂಡನೆಯ ಭೂತಗನ್ನಡಿ ಹಿಡಿದು ನೋಡಿದರು.

“ಹೌದಲ್ಲ!” ಎಂದರು. “ಎಷ್ಟು ವರ್ಷದಿಂದ ಇದರಲ್ಲೇ ಕುಡೀತಿದೀನಿ, ಕಂಡಿರ್ಲಿಲ್ಲ. ಇನ್ಮೇಲೆ ದಿನಾ ಕಾಣತ್ತೆ ನೋಡಿ.”

ತಮಾಷೆಗೆ ಅಂದ ಮಾತು ಅದು. ಆದರೆ ಆಮೇಲೆ ಅವರು ಚಹಾ ಕುಡಿಯುವಾಗ ಹೆಬ್ಬೆರಳು ಮತ್ತೆ ಮತ್ತೆ ಆ ಚುಕ್ಕೆಯ ಮೇಲೆ ಹೋಗುವುದನ್ನು ಅಕ್ಕ ನೋಡಿದಳು. ನೆಮ್ಮದಿಯಾಗಿ ಕುಡಿಯುತ್ತಿದ್ದ ಮನುಷ್ಯನ ಕಪ್ಪನ್ನು ತಾನು ಸುಮ್ಮಸುಮ್ಮನೆ ಕೆಡಿಸಿದೆನಲ್ಲ ಎಂದು ಅವಳಿಗೆ ಬಹಳ ಕೆಡುಕೆನಿಸಿತು. ಇದರ ಜೊತೆಯವು ಇವೆಯೇ ಎಂದು ಕೇಳಿದಳು. ಅವರು ಉಳಿದ ಕಪ್‌ಗಳನ್ನೂ ತಂದು ಸಾಲಾಗಿ ಇಟ್ಟರು. ಒಂದಕ್ಕೆ ಮಂಕು ಕಲೆ, ಒಂದಕ್ಕೆ ಗುಳ್ಳೆ, ಇನ್ನೊಂದರ ಹಿಡಿ ಎಳ್ಳಷ್ಟು ವಾಲಿತ್ತು. ತನ್ನ ಮೇಜಿನಲ್ಲಾಗಿದ್ದರೆ ಹೆಚ್ಚಿನವು ನೀಲಿ ಕ್ರೇಟಿಗೇ. ಈ ಸಲ ಅವಳು ಬಾಯಿ ಬಿಡಲಿಲ್ಲ. ಒಂದೊಂದನ್ನೂ ಅಂಗೈ ಮೇಲಿಟ್ಟು ಉಗುರಿನಿಂದ ಮೀಟಿದಳು. ಒಂದೊಂದೂ ಠಣ್ಣೆಂದು ತುಂಬಿದ ದನಿ ಕೊಟ್ಟಿತು. ಕೂದಲೆಳೆಯ ಬಿರುಕು ಕೂಡ ಯಾವುದರಲ್ಲೂ ಇರಲಿಲ್ಲ. ಬಿಸಿ ಚಹಾ ಹುಯ್ದಾಗ ಎಂದಾದರೂ ಒಡೆದಿತ್ತೇ ಎಂದು ವಿಚಾರಿಸಿದಳು. ಕೈಜಾರಿ ಬಿದ್ದದ್ದು ಬಿಟ್ಟರೆ ಒಂದೂ ಒಡೆದಿಲ್ಲ ಎಂದರು ಯಜಮಾನರು.

ಹಾಗಾದರೆ ಗೋಡೆಯ ಮರೆಯಲ್ಲಿ ನಿಂತು ನಾದಿನಿ ಕೈಗೆ ಸಿಕ್ಕಿದ್ದನ್ನು ತುಂಬಿಲ್ಲ. ಒಂದೊಂದನ್ನೂ ನೋಡಿದ್ದಾಳೆ, ಒಂದೊಂದನ್ನೂ ಮೀಟಿದ್ದಾಳೆ. ಕಣ್ಣು ತನಗೊಬ್ಬಳಿಗೇ ಇದೆ ಎಂದುಕೊಂಡು ಇಪ್ಪತ್ತು ವರ್ಷ ಅವಳಿಗೆ ಬೆನ್ನು ಹಾಕಿ ಕೂತಿದ್ದೆನಲ್ಲ ಎಂದು ಯೋಚಿಸುತ್ತ ಅಕ್ಕ ಬಸ್ಸು ಹತ್ತುವುದನ್ನೂ ಮರೆತು ಮನೆಯವರೆಗೆ ನಡೆದೇ ಬಂದಳು.

ಮರುದಿನ ಬೆಳಿಗ್ಗೆ ಅಕ್ಕ ಕ್ಯಾಮೆರಾ ಹುಡುಗಿಯ ಮೇಜಿನ ಬಳಿ ಇನ್ನೊಂದು ಕುರ್ಚಿ ಎಳೆದು ಹಾಕಿ, ಯಾರ ಮುಖವನ್ನೂ ನೋಡದೆ, “ಬಂದು ಕೂತ್ಕೋ,” ಎಂದಳು. ನಾದಿನಿ ಕುರ್ಚಿಯ ಅಂಚಿನಲ್ಲಿ ಕೂತಳು. ಮೊದಲ ಕೆಲವು ಕಪ್‌ಗಳಿಗೆ ಇಬ್ಬರದ್ದೂ ಒಂದೇ ಮಾತಾಯಿತು. ಆಮೇಲೆ ಹಿಡಿಯ ಒಳಬದಿಯಲ್ಲಿ ಗುಳ್ಳೆಯಿದ್ದ ಒಂದು ಬಂತು. ಅಕ್ಕ ಊಹೂಂ ಎಂದಳು. ನಾದಿನಿ ಕಪ್ಪನ್ನು ತಿರುಗಿಸಿ ನೋಡಿ, “ಇರ್ಲಿ ಅತ್ತಿಗೆ, ಬೆರಳಿಗೆ ಚುಚ್ಚಲ್ಲ ಅದು,” ಎಂದಳು.

ಹುಡುಗಿಯ ಬೆರಳು ಗುಂಡಿಯ ಮೇಲೆ ನಿಂತಿತು. ಇಬ್ಬರೂ ಒಪ್ಪದೇ ಇದ್ದಾಗ ಯಾರ ಮಾತನ್ನು ಒತ್ತಲಿ ಎಂದು ಕೇಳಿದಳು.

ಅಕ್ಕ ಕಪ್ಪನ್ನು ಮತ್ತೆ ತೆಗೆದುಕೊಂಡು, ಚಹಾ ಕುಡಿಯುವವರ ಹಾಗೆ ಹಿಡಿಯೊಳಗೆ ಬೆರಳಿಟ್ಟು ನೋಡಿದಳು.

“ಅವಳದ್ದು,” ಎಂದಳು. “ಇದೊಂದಕ್ಕೇ ಅಲ್ಲ. ಇನ್ನು ಯಾವಾಗ್ಲೂ ಅವಳದ್ದೇ ಒತ್ತಮ್ಮ.”

ನಾದಿನಿಯ ಕಣ್ಣು ತುಂಬಿ ಬಂತು. “ಅವತ್ತೇ ನಿಮಗೆ ಹೇಳ್ಬೇಕಿತ್ತು ಅತ್ತಿಗೆ. ತಪ್ಪಾಯ್ತು.”

“ಹೇಳಿದ್ರೆ ನಾನು ಬಿಡ್ತಿದ್ನೇನೇ?” ಎಂದಳು ಅಕ್ಕ.

ಬಿಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು, ಹಾಗಾಗಿದ್ದರೆ ಈ ಶೆಡ್ಡು ಎಂದೋ ಬಾಗಿಲು ಹಾಕಿರುತ್ತಿತ್ತು ಎನ್ನುವುದೂ ಗೊತ್ತಿತ್ತು. ನಾದಿನಿ ಕಣ್ಣೊರೆಸಿಕೊಂಡು, ಕುರ್ಚಿಯ ಅಂಚಿನಿಂದ ಸರಿದು ಸರಿಯಾಗಿ ಕೂತು, ಮುಂದಿನ ಕಪ್ಪಿಗೆ ಕೈ ಚಾಚಿದಳು.