ಮನೆಯೊಳಗೆ ಒತ್ತಿದ ಕಾರಿನ ರಿಮೋಟ್

ಅರಕಲಗೂಡಿನ ಅಕ್ಕ ಎಂಟು ವರ್ಷದ ಮುನಿಸು ಬಿಟ್ಟು "ಭಾನುವಾರ ಊಟಕ್ಕೆ ಬಾರೇ" ಎಂದು ಫೋನ್ ಮಾಡಿದ ದಿನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ರೋಸರಿ ಜಪಮಾಲೆ ಉರುಳಿಸುತ್ತಿದ್ದ ಹಾಗೆ, ಹಾಸನದ ಮನೆಯೊಳಗೆ ಓಡಾಡುತ್ತಾ ದಿನವಿಡೀ ಕಾರಿನ ರಿಮೋಟ್ ಒತ್ತುತ್ತಿದ್ದೆ. ಕಾರು ಬೀದಿಯ ಆ ತುದಿಯ ಶೆಡ್ಡಿನಲ್ಲಿತ್ತು.

ಭಾನುವಾರ ಒಬ್ಬಟ್ಟಿನ ಡಬ್ಬಿ ಹಿಡಿದು ನಿಂತರೆ ಕಾರು ತೆರೆಯಲೇ ಇಲ್ಲ. ತಡವಾದರೆ ನಾನು ಬರುವುದಿಲ್ಲವೆಂದೇ ಅಕ್ಕ ತಿಳಿದುಕೊಳ್ಳುತ್ತಾಳೆ. ಪಕ್ಕದ ಮೆಕ್ಯಾನಿಕ್‌ನನ್ನು ಕರೆದೆ.

"ರಿಮೋಟ್ ಬ್ಯಾಟ್ರಿ ಚೆನ್ನಾಗೈತೆ. ಮನೇಲಿ ಕೂತ್ಕಂಡು ಒತ್ತಿದ್ರಾ ಅಮ್ಮಾ?"

"ಸುಮ್ನೆ... ಜಸ್ಟ್ ಎ ಹ್ಯಾಬಿಟ್."

"ಒತ್ತಿದಾಗೆಲ್ಲ ಇದು ಹೊಸ ನಂಬರ್ ಕಳಿಸ್ತೈತೆ, ಕಳ್ರು ಕದೀಬಾರ್ದು ಅಂತ. ದೂರದಲ್ಲಿರೋ ಕಾರಿಗೆ ಅದು ಕೇಳಿಸ್ದೆ, ಕಾರು ಹಳೇ ನಂಬರಲ್ಲೇ ಉಳ್ಕತೈತೆ. ನಾಕಾರು ಸಲ ಆದ್ರೆ ಹೊಂದ್ಕತೈತೆ, ನೀವು ಜಪ ಮಾಡ್ದಂಗೆ ಒತ್ಬುಟ್ಟಿದ್ದೀರ!"

ಅವನು, ಗಾಬರಿಯಲ್ಲಿ ನನಗೆ ಹೊಳೆಯದೇ ಹೋದ ಕೀಲಿಯಿಂದಲೇ ಬಾಗಿಲು ತೆಗೆದು, ಇಗ್ನಿಷನ್ ಆನ್ ಮಾಡಿ, ಒಳಗೇ ಕೂತು ರಿಮೋಟ್ ಒತ್ತಿದ. ಕಾರು ಹೊಸ ನಂಬರ್ ಹಿಡಿದುಕೊಂಡಿತು; ಲಾಕ್ ಟಕ್ಕೆಂದಿತು.

ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದ ಕ್ಷಮೆಯ ಮಾತನ್ನು ಬಾಯಲ್ಲೇ ಅಂದುಕೊಂಡೆ. ಎಂಟು ವರ್ಷ ಮನೆಯೊಳಗೇ ಅದನ್ನು ಎಷ್ಟು ಸಲ ಹೇಳಿಕೊಂಡಿದ್ದೆನೋ. ಅಕ್ಕ ಗೇಟಿನಲ್ಲೇ ನಿಂತಿದ್ದಳು.

"ಎಷ್ಟೊತ್ತೇ? ಅನ್ನ ಆರೋಯ್ತು."

ಡಬ್ಬಿ ಕೆಳಗಿಟ್ಟು, ಮೊದಲು ಅವಳ ಕೈ ಹಿಡಿದುಕೊಂಡೆ. ಆಮೇಲೆ ಹೇಳಿದೆ.