ಅಕ್ಕ ಕಿತ್ತು ನೋಡಿದ ಸಸಿ

ಮಕ್ಕಳೇ, ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಕಾರಣ: ಕೈಗುಣ. ಉಪ್ಪಿನಕಾಯಿ ಕೆಡದಿದ್ದರೆ ಅಮ್ಮನ ಕೈಗುಣ, ನೆಟ್ಟ ಬಳ್ಳಿ ಚಿಗುರಿದರೆ ಅಪ್ಪನ ಕೈಗುಣ. ಬಾಳೂರಿನ ಹತ್ತಿರ ನಮಗೊಂದು ಸಣ್ಣ ಕಾಫಿ ತೋಟವಿತ್ತು. ಮನೆಯ ಹಿಂದೆ ಚಪ್ಪರದ ಕೆಳಗೆ ಅಪ್ಪ ಕಾಫಿ ಬೀಜ ಬಿತ್ತಿ ಸಸಿ ಮಾಡುತ್ತಿದ್ದರು. ಮೊಳಕೆಯು ಬೀಜವನ್ನೇ ಟೋಪಿಯಂತೆ ತಲೆಯ ಮೇಲೆ ಹೊತ್ತು ಎದ್ದು ನಿಂತಾಗ, ಅದನ್ನು ಮೆಲ್ಲಗೆ ಕಿತ್ತು ಮಣ್ಣು ತುಂಬಿದ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಕೋಲಿನಿಂದ ಕುಳಿ ಮಾಡಿ ನೆಡಬೇಕು. ಒದ್ದೆ ಮಣ್ಣು, ಕೊಳೆತ ಸೊಪ್ಪಿನ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಆ ವರ್ಷ ಅಕ್ಕನಿಗೂ ನನಗೂ ಒಂದೊಂದು ಸಾಲು ಬುಟ್ಟಿ ಸಿಕ್ಕಿತ್ತು. ನನ್ನ ಸಸಿಗಳು ನಳನಳಿಸಿದವು. ಅಕ್ಕನವು ಹಳದಿಯಾಗಿ ತಲೆ ಬಾಗಿಸಿದವು. ಪಾಪ, ನೀರು ಹಾಕುವುದರಲ್ಲಿ, ಕಳೆ ಕೀಳುವುದರಲ್ಲಿ ಅವಳೇ ನನಗಿಂತ ಮುಂದು!

"ಇವನ ಕೈಗುಣ ನೋಡಿ," ಎಂದು ಅಪ್ಪ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಅಕ್ಕನಿಗೆ, "ನಿಂಗಿದು ಆಗೂದಲ್ಲ ಬಿಡು ಮಾರಾಯ್ತಿ. ನಾಳೆಯಿಂದ ಒಳಗೆ ಅಮ್ಮನ ಜೊತೆ ಕೆಲಸ ನೋಡು," ಎಂದರು.

ಸಸಿ ಎಂದರೆ ಅಕ್ಕನಿಗೆ ಪ್ರಾಣ. "ಇವತ್ತೊಂದಿನ ಇಲ್ಲೇ ಇರ್ತೀನಿ ಅಪ್ಪ," ಎಂದಷ್ಟೇ ಹೇಳಿದಳು.

ಅಪ್ಪ ತೋಟಕ್ಕೆ ಹೋದ ಮೇಲೆ ಅವಳು ತನ್ನದೊಂದು ಬಾಡಿದ ಸಸಿಯನ್ನು ಬುಟ್ಟಿಯಿಂದ ಬಿಡಿಸಿ ಮಣ್ಣು ಕೊಡವಿದಳು. ಬೇರು ಮೊಣಕೈಯಂತೆ ಮಡಚಿ ಮೇಲಕ್ಕೆ ತಿರುಗಿತ್ತು. ಮರುಕ್ಷಣ ನನ್ನದೊಂದಕ್ಕೆ ಕೈ ಹಾಕಿದಳು. "ಅಯ್ಯೋ, ನನ್ನ ಸಸಿ!" ಎಂದು ಕಿರುಚಿದೆ. ಕೇಳುವವರು ಯಾರು! ನನ್ನದರ ಬೇರು ನೆಟ್ಟಗಿತ್ತು. ಆಮೇಲೆ ನಾವು ಕುಳಿ ಮಾಡಿದ್ದ ಎರಡು ಕೋಲುಗಳನ್ನೂ ಪಕ್ಕಪಕ್ಕ ಹಿಡಿದಳು. ಅವಳದು ಗಿಡ್ಡ, ನನ್ನದು ಉದ್ದ. ಅವಳ ಕುಳಿಯಲ್ಲಿ ಬೇರಿಗೆ ಇಳಿಯಲು ಜಾಗವೇ ಇರಲಿಲ್ಲ.

ಸಂಜೆ ಅಪ್ಪ ಬಂದಾಗ ಅಕ್ಕ ಪಾತಿಯಲ್ಲಿ ಉಳಿದಿದ್ದ ಮೊಳಕೆಗಳನ್ನೆಲ್ಲ ಆಳವಾದ ಕುಳಿಗಳಲ್ಲಿ ನೆಟ್ಟು ಮುಗಿಸಿದ್ದಳು. ಮೈಯೆಲ್ಲ ಮಣ್ಣು. ಕಿತ್ತ ಎರಡೂ ಸಸಿಗಳನ್ನು ಅಪ್ಪನ ಮುಂದೆ ಹಿಡಿದು ತೋರಿಸಿದಳು. ಅಪ್ಪ ಎರಡರ ಬೇರನ್ನೂ ಬೆರಳಿನಿಂದ ಸವರಿ ನೋಡಿ, ನನ್ನ ಕಡೆ ತಿರುಗಿದರು.

"ನಿನ್ನದು ಯಾಕೆ ಬದುಕಿತು, ಹೇಳು ನೋಡುವ?"

"ಕೈಗುಣ," ಎಂದೆ.

"ಕೈಗುಣ ಅಲ್ವೋ ಕೋತಿ, ಉದ್ದದ ಕೋಲು!" ಎಂದು ಅಕ್ಕ ನಕ್ಕಳು.

ಅಪ್ಪನೂ ನಕ್ಕುಬಿಟ್ಟರು. "ಸಸಿ ಸತ್ರೆ ನಾನೂ ಕೈಗುಣ ಅಂತ ಸುಮ್ನಾಗ್ತಿದ್ದೆ. ನೀನು ಬೇರು ಬಿಡಿಸಿ ನೋಡಿದ್ಯಲ್ಲ, ಅದಕ್ಕೆ ಶಭಾಷ್ ಮಗಳೇ. ನಾಳೆಯಿಂದ ಎಲ್ಲಾ ಸಾಲೂ ನೀನೇ ನಿಂತು ನೆಡಿಸು." ಎಂಥಾ ಅಕ್ಕ ಅವಳು, ಮಕ್ಕಳೇ! ಹೊಟ್ಟೆಕಿಚ್ಚೂ ಮರೆತು ಅವಳನ್ನೇ ನೋಡುತ್ತಾ ನಿಂತೆ.

ನಿಮ್ಮ ಫೋನಿನ ಆಟದಲ್ಲಿ ಬೆರಳು ತಾಗಿಸಿದರೆ ಸಾಕು, ನಕ್ಷತ್ರ ಉದುರುತ್ತವೆ, ಚಪ್ಪಾಳೆ ಕೇಳುತ್ತದೆ. ನಮಗೆ ಅಪ್ಪನ ಬಾಯಿಂದ ಒಂದು ಶಭಾಷ್ ಬರುವುದೇ ಅಪರೂಪ. ಮೊನ್ನೆ ನಮ್ಮ ಪುಟ್ಟಿ ಭಾಗಾಕಾರ ತಪ್ಪಿ, "ನನ್ ತಲೆಗೆ ಲೆಕ್ಕ ಹತ್ತಲ್ಲ ಅಜ್ಜ," ಎಂದು ಪುಸ್ತಕ ಮುಚ್ಚಿದಳು. "ನೀನು ಜಾಣೆ ಪುಟ್ಟಿ" ಎನ್ನಲು ಬಾಯಿ ತೆರೆದವನು, ಅಕ್ಕ ಬೇರು ಬಿಡಿಸಿ ನೋಡಿದ್ದು ನೆನಪಾಗಿ ತಡೆದುಕೊಂಡೆ. ಪಕ್ಕದಲ್ಲಿ ಕುಳಿತು, "ಎಲ್ಲಿ ತಪ್ಪಿತು, ನಂಗೂ ತೋರ್ಸು," ಎಂದೆ. ಪುಟ್ಟಿ ಮೂಗು ಒರೆಸಿಕೊಂಡು ಪುಸ್ತಕ ತೆರೆದಳು.